ಆಕಾಶದಿಂದ ಬಿದ್ದ ಬ್ಲೌಸ್ ಪೀಸು

ಮಾರಿಸ್‌ಟೌನ್
ಜುಲೈ ತಿಂಗಳ ಒಂದು ಶುಕ್ರವಾರ

ಬೇಲಿಯಾಚೆಯ ಅರ್ಗಿರೋ ಅಮ್ಮನವರಿಗೆ ರಮಾಮಣಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ, ನೀವು ಹೋಗಿ ಮೊನ್ನೆ ಭಾನುವಾರಕ್ಕೆ ನಲವತ್ತು ದಿನವಾಯಿತು. ನಿಮ್ಮ ಚರ್ಚಿನಲ್ಲಿ ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ, ಬಾದಾಮಿ ಬೆರೆಸಿ ಎಲ್ಲರಿಗೂ ಕೊಟ್ಟರು. ನಾನು ಎರಡು ಸಲ ಈಸಿಕೊಂಡೆ. ನಮ್ಮೆಜಮಾನರು ಗುರುರಾಜರು ಪಕ್ಕದಿಂದ ಮೊಣಕೈಯಲ್ಲಿ ತಿವಿದರು, ಇದು ಕಾರ್ಯದ ಊಟ ಕಣೇ, ಮದುವೆ ಊಟವಲ್ಲ ಅಂತ. ನಿಮ್ಮ ಮೊಮ್ಮಗಳು ಡೆಸ್ಪಿನಾ ಅದನ್ನು ನೋಡಿ ಮೂರನೇ ಸಲ ತಾನೇ ತಂದು ಹಾಕಿದಳು. ಊಟದ ವಿಷಯದಲ್ಲಿ ಅವಳು ನಿಮ್ಮ ಮೊಮ್ಮಗಳೇ, ಅನುಮಾನವಿಲ್ಲ.

ನಿಮಗೆ ಕನ್ನಡ ಬರುವುದಿಲ್ಲ ಅಂತ ನನಗೆ ಗೊತ್ತು. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಇತ್ತು. ನಿಮ್ಮದರಲ್ಲಿ ಗ್ರೀಕ್ ನುಸುಳುತ್ತಿತ್ತು, ನನ್ನದರಲ್ಲಿ ಮೈಸೂರು. ಆದರೂ ಮೂವತ್ತು ವರ್ಷ ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಒಂದು ದಿನವಾದರೂ ಮಾತಿಗೆ ಬರ ಬಂದಿತ್ತೇ? ಈ ಪತ್ರ ಕನ್ನಡದಲ್ಲೇ ಯಾಕೆ ಎನ್ನುವುದಕ್ಕೆ ಬೇರೆ ಕಾರಣವಿದೆ. ಕೊನೆಯಲ್ಲಿ ಹೇಳುತ್ತೇನೆ, ಸ್ವಲ್ಪ ತಾಳಿ.

ನಾವು ಈ ಮನೆಗೆ ಬಂದ ವರ್ಷ ಮಗಳು ಹಂಸಿನಿಗೆ ನಾಲ್ಕು ತುಂಬಿತ್ತು. ಮೊದಲ ಸ್ನೋ ಬಿದ್ದ ಬೆಳಿಗ್ಗೆ ನನ್ನ ಕಾರು ಡ್ರೈವ್‌ವೇಯಲ್ಲೇ ಅಡ್ಡ ತಿರುಗಿ ನಿಂತುಬಿಟ್ಟಿತು. ಇವರು ಆಗಲೇ ಟ್ರೇನ್ ಹಿಡಿದು ಆಫೀಸಿಗೆ ಹೋಗಿದ್ದರು. ಹಿಂದಿನ ಸೀಟಿನಲ್ಲಿ ಮಗು, ಮುಂದಿನ ಸೀಟಿನಲ್ಲಿ ಗೊಳೋ ಅಂತ ಅಳುವ ನಾನು. ನೀವು ಗಂಡನ ಗಂಬೂಟು ಮೆಟ್ಟಿಕೊಂಡು ಬಂದು ಕಿಟಕಿಯ ಗಾಜು ಬಡಿದಿರಿ. "ಬ್ರೇಕ್ ತುಳೀಬೇಡ. ಹೆದರಿದವರು ಬ್ರೇಕ್ ತುಳೀತಾರೆ, ಅದಕ್ಕೇ ಜಾರ್ತಾರೆ," ಎಂದಿರಿ. ಆ ಚಳಿಗಾಲ ಪೂರ್ತಿ ನನ್ನ ಪಕ್ಕದಲ್ಲಿ ಕೂತು ನನಗೆ ಸ್ನೋದಲ್ಲಿ ಡ್ರೈವ್ ಮಾಡುವುದನ್ನು ಕಲಿಸಿದಿರಿ. ನಿಮಗೆ ಆಗಲೇ ಅರವತ್ತು ದಾಟಿತ್ತು. ಗಂಡನ ಡೈನರ್ ಹೋಟೆಲಿನಲ್ಲಿ ಬೆಳಗಿನ ಪಾಳಿ ಮುಗಿಸಿ, ಮೈಯೆಲ್ಲ ಈರುಳ್ಳಿ ವಾಸನೆ ಹೊತ್ತುಕೊಂಡು ಬರುತ್ತಿದ್ದಿರಿ. ನಾನಾಗಿದ್ದರೆ ಹೋಗಿ ಮಲಗಿಬಿಡುತ್ತಿದ್ದೆ.

ನಿಮ್ಮ ಎಡಗೈಯ ಕಿರುಬೆರಳು ಸೊಟ್ಟಗಿದ್ದದ್ದನ್ನು ನಾನು ಗಮನಿಸಿದ್ದು ಆ ದಿನಗಳಲ್ಲೇ. ಕೇಳಲು ಸಂಕೋಚ. ಎಷ್ಟೋ ವರ್ಷಗಳ ಮೇಲೆ, ನಿಮ್ಮ ವರಾಂಡದಲ್ಲಿ ಕೂತು ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ (ನಿಮ್ಮ ದ್ವೀಪದಲ್ಲಿ ಅದರ ದೊಡ್ಡಪ್ಪನ ಮಗನಂಥ ಇನ್ನೊಂದು ಕಾಯಿ ಇದೆಯಂತೆ), ನೀವಾಗಿಯೇ ಹೇಳಿದಿರಿ.

ಕ್ರೀಟ್ ಎಂಬ ದ್ವೀಪದ ಹೆಸರನ್ನು ನಾನು ಅದುವರೆಗೆ ಮ್ಯಾಪಿನಲ್ಲಿ ಮಾತ್ರ ಕಂಡಿದ್ದೆ. ೧೯೪೧ರ ಮೇ ತಿಂಗಳು, ಇಪ್ಪತ್ತನೇ ತಾರೀಖು, ಬೆಳಿಗ್ಗೆ. ನಿಮಗೆ ಒಂಬತ್ತು ವರ್ಷ. ಊರಿನ ಗಂಡಸರೆಲ್ಲ ಸೈನ್ಯಕ್ಕೆ ಸೇರಿ ಸಮುದ್ರದಾಚೆ ಸಿಕ್ಕಿಹಾಕಿಕೊಂಡಿದ್ದರು. ಉಳಿದವರು ಹೆಂಗಸರು, ಮುದುಕರು, ಮಕ್ಕಳು, ಒಂದಿಷ್ಟು ಆಡುಗಳು. ವಿಮಾನಗಳು ಎಷ್ಟು ಕೆಳಗೆ ಬಂದವೆಂದರೆ ಒಲೆಯ ಮೇಲಿನ ಪಾತ್ರೆಗಳು ತಾವಾಗಿಯೇ ಅಲುಗಾಡಿದವಂತೆ. ಹೊರಗೆ ಬಂದು ನೋಡಿದರೆ ಆಕಾಶದ ತುಂಬ ಛತ್ರಿಗಳು. ಜರ್ಮನ್ ಸೈನಿಕರು ಆಕಾಶದಿಂದ ಇಳಿಯುತ್ತಿದ್ದರು. ಬಿಳಿ ಛತ್ರಿಯಲ್ಲಿ ಮನುಷ್ಯ, ಬಣ್ಣದ ಛತ್ರಿಯಲ್ಲಿ ಪೆಟ್ಟಿಗೆ. ಅವರ ದೊಡ್ಡ ಬಂದೂಕುಗಳೆಲ್ಲ ಆ ಪೆಟ್ಟಿಗೆಗಳಲ್ಲಿ ಬೇರೆಯಾಗಿ ಬೀಳುತ್ತಿದ್ದವು. ಇಳಿದವನು ಮೊದಲು ಓಡಿ ಹೋಗಿ ಪೆಟ್ಟಿಗೆ ಹುಡುಕಬೇಕು. ಇದನ್ನು ನಿಮ್ಮೂರಿನಲ್ಲಿ ಮೊದಲು ಅರ್ಥಮಾಡಿಕೊಂಡವರು ನಿಮ್ಮ ತಾಯಿ. ಓದು ಬರಹ ಬಾರದ ಹೆಂಗಸು, ಆರು ತಿಂಗಳ ಬಸುರಿ.

ನಿಮ್ಮ ತಾಯಿ ಕತ್ತೆಯನ್ನು ಬಿಚ್ಚಿಕೊಂಡು, ಆಲಿವ್ ಕಾಯಿ ಉದುರಿಸುವ ಕೋಲು ಹಿಡಿದು, ನಿಮ್ಮನ್ನು ಕರೆದುಕೊಂಡು ತೋಟಕ್ಕೆ ಓಡಿದರು. ಒಂದು ಪೆಟ್ಟಿಗೆ ನಿಮ್ಮ ತೋಟದಲ್ಲೇ ಬಿದ್ದಿತ್ತು. ಹುಡುಕುತ್ತಾ ಬರುವವರಿಗಿಂತ ಮೊದಲೇ ಕತ್ತೆಗೆ ಹಗ್ಗ ಕಟ್ಟಿ, ಹಿಂದಿನಿಂದ ನೀವಿಬ್ಬರೂ ನೂಕಿ, ಅದನ್ನು ನೀರಿಲ್ಲದ ಬಾವಿಗೆ ಉರುಳಿಸಿದಿರಿ. ಬಾವಿಯ ಕಟ್ಟೆಗೂ ಪೆಟ್ಟಿಗೆಗೂ ನಡುವೆ ನಿಮ್ಮ ಕಿರುಬೆರಳು ಸಿಕ್ಕಿತು. ಕೂಗಿಕೊಳ್ಳುವ ಹಾಗಿರಲಿಲ್ಲ, ಅವರು ಗೋಡೆಯ ಆಚೆಯಲ್ಲೇ ಇದ್ದರು. ನೀವು ಕೂಗಲಿಲ್ಲ. ಅದನ್ನು ಹೇಳುವಾಗಲೂ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನೇ ಬಟ್ಟಲು ಕೆಳಗಿಟ್ಟು ಕಣ್ಣೊರೆಸಿಕೊಂಡೆ. ನನ್ನ ಮಗಳು ಒಂಬತ್ತನೇ ವಯಸ್ಸಿನಲ್ಲಿ ಇಂಜೆಕ್ಷನ್‌ಗೆ ಇಡೀ ಕ್ಲಿನಿಕ್ಕನ್ನು ಒಂದು ಮಾಡಿದವಳು.

ಹತ್ತು ಹನ್ನೆರಡು ದಿನಗಳಲ್ಲಿ ದ್ವೀಪ ಅವರ ಕೈಸೇರಿತು. ಹೆಂಗಸರು ಮುದುಕರು ಎದುರು ನಿಂತರು ಎಂಬುದೇ ಅವರಿಗೆ ದೊಡ್ಡ ಅಪರಾಧವಾಯಿತು. ನಿಮ್ಮ ತಾತನನ್ನೂ ಇನ್ನು ಹನ್ನೊಂದು ಜನರನ್ನೂ ಆಲಿವ್ ತೋಪಿನಲ್ಲಿ ಸಾಲಾಗಿ ನಿಲ್ಲಿಸಿ ಗುಂಡು ಹಾರಿಸಿದರು. ಸೈನ್ಯದ ಒಂದು ಗುಂಡಿಯಾಗಲಿ ಒಂದು ಗೇಣು ಬಟ್ಟೆಯಾಗಲಿ ಯಾರ ಮನೆಯಲ್ಲಾದರೂ ಸಿಕ್ಕರೆ ಅವರಿಗೂ ಅದೇ ಗತಿ ಎಂದು ಊರಿಗೆಲ್ಲ ಸಾರಿದರು. ನಿಮ್ಮ ತಾಯಿಯ ಬಳಿ ಮರಕ್ಕೆ ಸಿಕ್ಕಿಕೊಂಡಿದ್ದ ಒಂದು ಛತ್ರಿಯಿಂದ ಕತ್ತರಿಸಿದ ರೇಷ್ಮೆಯ ತುಂಡಿತ್ತು. ಅವರು ಅದನ್ನು ಸುಡಲಿಲ್ಲ, ಹೂಳಲಿಲ್ಲ. ನಾಲ್ಕು ವರ್ಷ ಮನೆಯಲ್ಲೇ ಇಟ್ಟುಕೊಂಡರು. ಎಲ್ಲಿಟ್ಟಿದ್ದರು ಅಂತ ಕೇಳಿದಾಗಲೆಲ್ಲ, "ಎಲ್ಲರ ಕಣ್ಣೆದುರಿಗೇ," ಎಂದು ನಕ್ಕು ಮಾತು ಬದಲಿಸುತ್ತಿದ್ದಿರಿ. ಆ ತುಂಡು ಇನ್ನೂ ನಿಮ್ಮ ಬೀರುವಿನಲ್ಲಿದೆ ಎಂದು ನೀವೂ ಹೇಳಲಿಲ್ಲ, ನನಗೂ ಕೇಳಬೇಕು ಅನ್ನಿಸಲಿಲ್ಲ. ಎಂಬತ್ತು ವರ್ಷದ ಹಿಂದಿನ ಬಟ್ಟೆ ಇದ್ದೀತೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಇನ್ನು ನನ್ನ ಘನಕಾರ್ಯದ ಕಥೆಗೆ ಬರುತ್ತೇನೆ.

ಹೋದ ದಸರೆಯಲ್ಲಿ ನಮ್ಮ ಮನೆಯ ಗೊಂಬೆಗೆ ಎಂದಿನಂತೆ ನೀವೂ ಬಂದಿರಿ. ನಲವತ್ತು ಜನ ಹೆಂಗಸರು. ಹಂಸಿನಿ ಐದು ತಿಂಗಳ ಬಸುರಿ. ನಾನು ಆರತಿ ತಟ್ಟೆ ಹಿಡಿದು ಓಡಾಡುತ್ತಿದ್ದಾಗ ನೀವು ಕಂದು ಕಾಗದದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, ನನ್ನ ಕೆನ್ನೆ ಹಿಡಿದು ಏನೋ ಹೇಳಿದಿರಿ. ನಾನು ಥ್ಯಾಂಕ್ಯೂ ಥ್ಯಾಂಕ್ಯೂ ಅಂದೆ. ನಿಜ ಹೇಳುತ್ತೇನೆ, ಒಂದು ಅಕ್ಷರವೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ಕಡಲೆ ಉಸಲಿ ತಳ ಹಿಡಿಯುತ್ತಿತ್ತು.

ಎಲ್ಲರೂ ಹೋದ ಮೇಲೆ ಬಿಚ್ಚಿ ನೋಡಿದೆ. ಬಿಳಿ ಬಟ್ಟೆ. ಹಳೆಯದು, ಮಾಸಲು ಬಿಳಿ, ಅಡ್ಡಕ್ಕೊಂದು ದಪ್ಪ ಹೊಲಿಗೆ. ನಮ್ಮಲ್ಲಿ ಹಬ್ಬದ ದಿನ ಬಿಳಿ ಬಟ್ಟೆ ಕೊಡುವುದಿಲ್ಲ ಅಮ್ಮ, ಅದರಲ್ಲೂ ಬಸುರಿ ಇರುವ ಮನೆಗೆ. ಪಾಪ, ಅವರಿಗೇನು ಗೊತ್ತು ನಮ್ಮ ಪದ್ಧತಿ ಅಂದುಕೊಂಡು, ದೋಷ ಹೋಗಲಿ ಅಂತ ಒಂದು ಮೂಲೆಗೆ ಅರಿಶಿನ ಹಚ್ಚಿದೆ. ಆಮೇಲೆ ಮಡಿಸಿ, ಬ್ಲೌಸ್ ಪೀಸಿನ ಸೂಟ್‌ಕೇಸಿಗೆ ಹಾಕಿದೆ.

ಆ ಸೂಟ್‌ಕೇಸಿನ ವಿಷಯ ನಿಮಗೆ ಗೊತ್ತಿಲ್ಲ. ನಮ್ಮ ಹೆಂಗಸರು ಒಬ್ಬರ ಮನೆಗೊಬ್ಬರು ಹೋದಾಗ ಅರಿಶಿನ ಕುಂಕುಮದ ಜೊತೆ ಒಂದು ಬ್ಲೌಸ್ ಪೀಸ್ ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ನಾನು ಹಾಗೇ ತೆಗೆದಿಟ್ಟು ಇನ್ನೊಬ್ಬರಿಗೆ ಕೊಡುತ್ತೇನೆ, ಅವರು ಮತ್ತೊಬ್ಬರಿಗೆ. ನಾನು ಕೊಟ್ಟ ಹಸಿರು ಪೀಸೊಂದು ಮೂರು ವರ್ಷದ ಮೇಲೆ ನನ್ನ ಮನೆಗೇ ವಾಪಸು ಬಂದಿದೆ, ಅದೇ ಮಡಿಕೆಯಲ್ಲಿ. ಹೀಗೆ ನಿಮ್ಮ ರೇಷ್ಮೆಯೂ ಮರುದಿನವೇ ಹೋಬೋಕನ್‌ನ ಗೆಳತಿ ತ್ರಿಪುರಸುಂದರಿಯ ತಾಂಬೂಲದ ಚೀಲಕ್ಕೆ ಹೋಯಿತು. ಮನೆಯಿಂದ ಬಿಳಿ ಹೊರಗೆ ಹೋದರೆ ಸಾಕಾಗಿತ್ತು ನನಗೆ.

ಫೆಬ್ರವರಿಯಲ್ಲಿ ಮಗು ಹುಟ್ಟಿತು, ತನ್ವಿ. ಮಾರ್ಚಿನಲ್ಲಿ ನೀವು ಬಾತ್‌ರೂಮಿನಲ್ಲಿ ಬಿದ್ದಿರಿ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಡಾಕ್ಟರುಗಳು ಹೆಚ್ಚು ದಿನವಿಲ್ಲ ಎಂದರು. ಏಪ್ರಿಲ್ ಮೊದಲ ವಾರ ಡೆಸ್ಪಿನಾ ನಮ್ಮ ಬಾಗಿಲಿಗೆ ಬಂದಳು. "ಆಂಟಿ, ಯಾಯಾ ಮಗುವನ್ನ ನೋಡ್ಬೇಕಂತೆ. ಅವರು ಕೊಟ್ಟ ರೇಷ್ಮೆ ಮೇಲೆ ಮಲಗಿಸಿಕೊಂಡು ಬರಬೇಕಂತೆ. ನಮ್ಮನೇಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಮಲಗಿದ್ದು ಅದರ ಮೇಲೇ," ಎಂದು, ಅಜ್ಜಿಯನ್ನು ಎಂದಿನಂತೆ ಗ್ರೀಕಿನಲ್ಲಿ ಯಾಯಾ ಎನ್ನುತ್ತಾ, ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಅದು ಯಾವ ರೇಷ್ಮೆ ಅಂತಲೂ ಹೇಳಿದಳು.

ನಿಮ್ಮ ತಾಯಿ ಛತ್ರಿಯಿಂದ ಕತ್ತರಿಸಿ ಇಟ್ಟುಕೊಂಡ ತುಂಡೇ ಅದು. ತಾತನನ್ನು ಕೊಂದ ಬೇಸಿಗೆಯ ಕೊನೆಯಲ್ಲಿ ನಿಮ್ಮ ತಮ್ಮ ಹುಟ್ಟಿದಾಗ ಸುತ್ತಲು ಇದ್ದದ್ದು ಅದೊಂದೇ ಬಟ್ಟೆಯಂತೆ. ನಿಮ್ಮ ನಾಲ್ಕು ಮಕ್ಕಳು, ಏಳು ಮೊಮ್ಮಕ್ಕಳು, ಎಲ್ಲರೂ ಅದರ ಮೇಲೆ. ಹದಿಮೂರನೆಯವಳಾಗಿ ನನ್ನ ಮೊಮ್ಮಗಳನ್ನು ಸೇರಿಸಿಕೊಂಡು, ಅದನ್ನು ನನ್ನ ಕೈಗೇ ಕೊಟ್ಟುಬಿಟ್ಟಿದ್ದಿರಿ. ನಾನೋ, ಅಪಶಕುನ ಅಂತ ಸಾಗಹಾಕಿದ್ದೆ. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ ಅಮ್ಮ? ಡೆಸ್ಪಿನಾಗೆ ಮಾತ್ರ, ಮಗುವಿಗೆ ಶೀತ, ಎರಡು ದಿನ ಬಿಟ್ಟು ಬರುತ್ತೇವೆ ಅಂತ ಸುಳ್ಳು ಹೇಳಿದೆ.

ತ್ರಿಪುರಸುಂದರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಟ್ರೇನ್ ಹತ್ತಿ ಹೋಬೋಕನ್‌ಗೇ ಹೋದೆ. ಅವಳಿಗೆ ಚೆನ್ನಾಗಿ ನೆನಪಿತ್ತು. "ಅರಿಶಿನ ಹಚ್ಚಿದ್ದ ಬಿಳೀದು ತಾನೇ? ನಾನೂ ನೋಡಿ ಗಾಬರಿ ಆದೆ ಕಣೇ," ಎಂದಳು. ಸಂಕ್ರಾಂತಿಗೆ ಫ್ಲಶಿಂಗ್‌ನ ದೇವಸ್ಥಾನಕ್ಕೆ ಹೋದಾಗ, ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಾ, ಎಳ್ಳುಬೆಲ್ಲದ ಜೊತೆ ಅದನ್ನು ವೀರಬಸಮ್ಮನವರಿಗೆ ಕೊಟ್ಟುಬಿಟ್ಟಿದ್ದಳು. ಲೈನಿಂಗ್‌ಗೆ ಆದೀತು ಅಂತ ಹೇಳಿ ಬೇರೆ ಕೊಟ್ಟಿದ್ದಳು. ಲೈನಿಂಗ್ ಎಂದರೆ ಕತ್ತರಿ. ಅವಳು ಕೊಟ್ಟ ಕಾಫಿಯನ್ನೂ ಮುಟ್ಟದೆ ಎದ್ದು ಹೊರಟೆ.

ವೀರಬಸಮ್ಮನವರು ಧಾರವಾಡದ ಕಡೆಯವರು, ಫ್ಲಶಿಂಗ್‌ನಲ್ಲಿ ಮಗಳು ಅಕ್ಷಯಾಳ ಜೊತೆ ಇರುತ್ತಾರೆ. ಹೋಬೋಕನ್‌ನಿಂದ ನದಿ ದಾಟಿ, ಏಳನೇ ನಂಬರಿನ ಸಬ್‌ವೇ ಹಿಡಿದು ಕೊನೆಯ ಸ್ಟಾಪಿನವರೆಗೆ ಕೂತೆ. ದಾರಿಯುದ್ದಕ್ಕೂ ಕತ್ತರಿಯದೇ ಯೋಚನೆ. ಇವರು ಫೋನಿನಲ್ಲಿ, ಬೇರೆ ಯಾವುದಾದರೂ ಬಿಳಿ ರೇಷ್ಮೆ ಕೊಂಡುಕೊಂಡು ಹೋದರಾಯಿತು, ಆ ವಯಸ್ಸಿನಲ್ಲಿ ಅವರಿಗೆ ಎಲ್ಲಿ ಗೊತ್ತಾಗುತ್ತೆ ಎಂದರು. ಒಂಬತ್ತನೇ ವಯಸ್ಸಿನಲ್ಲಿ ಬೆರಳು ಜಜ್ಜಿದರೂ ಬಾಯಿ ಬಿಡದವರಿಗೆ ನಾನು ತೊಂಬತ್ತೆರಡರಲ್ಲಿ ಮೋಸ ಮಾಡಲೇ? ಫೋನ್ ಕಟ್ ಮಾಡಿದೆ.

ಅದು ಯುಗಾದಿಯ ಹಿಂದಿನ ದಿನ. ವೀರಬಸಮ್ಮನವರ ಅಡುಗೆಮನೆಯಲ್ಲಿ ಏಲಕ್ಕಿ ಘಮ. ನಾನು ಏದುಸಿರು ಬಿಡುತ್ತಾ ಬಿಳಿ ಬಟ್ಟೆ, ಬಿಳಿ ಬಟ್ಟೆ ಎನ್ನುತ್ತಿದ್ದರೆ ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಕುಡಿದಾದ ಮೇಲೆ ಸಿಂಕಿನ ಕಡೆ ಕೈ ತೋರಿಸಿದರು.

"ಅರಿವಿ ಎಲ್ಲಿ ಹೋಗತೈತ್ರಿ? ಅಲ್ಲೇ ಐತಿ ನೋಡ್ರಿ. ನಾಳಿ ಶ್ರೀಖಂಡಕ್ಕ ಮಸರು ಕಟ್ಟೀನಿ. ಭಾಳ ಛಲೋ ಅರಿವಿ, ನೀರಷ್ಟ ಇಳಿತದ, ಮಸರು ಒಂದ್ ಹನಿ ಹೊರಗ ಬರಂಗಿಲ್ಲ."

ನಲ್ಲಿಗೆ ನೇತುಬಿದ್ದಿತ್ತು, ನಿಮ್ಮ ತಾಯಿಯ ರೇಷ್ಮೆ. ಎರಡು ಸೇರು ಮೊಸರು ಹೊಟ್ಟೆಯಲ್ಲಿಟ್ಟುಕೊಂಡು ತೊಟ್ಟಿಕ್ಕುತ್ತಿತ್ತು. ಗಂಟಿನ ತುದಿಯಲ್ಲಿ ನಾನು ಹಚ್ಚಿದ ಅರಿಶಿನ. ನಾನು ಅಲ್ಲಿಯೇ ಅತ್ತೆ. ವೀರಬಸಮ್ಮನವರಿಗೆ ಎಲ್ಲವನ್ನೂ ಹೇಳಿದಾಗ ಅವರು ಎದೆ ಮೇಲೆ ಕೈ ಇಟ್ಟುಕೊಂಡು, "ಅಯ್ಯ ಶಿವನ, ಆ ತಾಯಿ ಅರಿವ್ಯಾಗ ನಾ ಮಸರು ಕಟ್ಟೀನೇನ್ರೀ," ಎಂದು ತಾವೂ ಕೂತುಬಿಟ್ಟರು. ಇಬ್ಬರೂ ಸೇರಿ ಮೊಸರನ್ನು ಪಾತ್ರೆಗೆ ಬಗ್ಗಿಸಿದೆವು. ಮನೆಗೆ ತಂದು ಮೈಸೂರು ಸಿಲ್ಕ್ ಸೀರೆ ಒಗೆಯುವ ಹಾಗೆ ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ, ನೆರಳಿನಲ್ಲಿ ಹರವಿದೆ. ಮೊಸರಿನ ಹುಳಿ ವಾಸನೆ ಹೋಯಿತು. ಅರಿಶಿನ ಹೋಗಲಿಲ್ಲ.

ಯುಗಾದಿಯ ಮಧ್ಯಾಹ್ನ ಹಂಸಿನಿ ಮಗುವನ್ನು ಅದರ ಮೇಲೆ ಮಲಗಿಸಿಕೊಂಡು ನಿಮ್ಮ ಕೋಣೆಗೆ ಬಂದಳು. ನಿಮ್ಮ ಮಂಚವನ್ನು ಅಂಜೂರದ ಗಿಡ ಕಾಣುವ ಹಾಗೆ ಕಿಟಕಿಯ ಪಕ್ಕಕ್ಕೆ ಹಾಕಿದ್ದರು. ಎಂಬತ್ತೈದರವರೆಗೂ ಪ್ರತಿ ನವೆಂಬರಿನಲ್ಲಿ ಏಣಿ ಹತ್ತಿ ನೀವೇ ಅದಕ್ಕೆ ಗೋಣಿ ಸುತ್ತಿದ್ದಿರಿ, ಆಮೇಲೆ ಕೆಳಗೆ ನಿಂತು ಗುರುರಾಜರಿಂದ ಸುತ್ತಿಸಿದಿರಿ, ಬೈಯುತ್ತಾ. ಈಗ ಮಗುವನ್ನು ತೊಡೆಯ ಮೇಲೆ ಮಲಗಿಸಿದಾಗ ನಿಮ್ಮ ಸೊಟ್ಟ ಕಿರುಬೆರಳು ಮೊದಲು ಅದರ ಹಣೆಯ ಮೇಲೆ ಆಡಿತು, ಆಮೇಲೆ ಬಟ್ಟೆಯ ಮೇಲೆ. ಹಳದಿ ಮೂಲೆಗೆ ಬಂದು ನಿಂತಿತು. ನೀವು ನನ್ನ ಮುಖ ನೋಡಿದಿರಿ.

ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ನನ್ನಿಂದಾಗಲಿಲ್ಲ. ಬಿಳಿ ಎಂದು ಹೆದರಿದ್ದು, ಅರಿಶಿನ ಹಚ್ಚಿದ್ದು, ಸಾಗಹಾಕಿದ್ದು, ಹೋಬೋಕನ್, ಫ್ಲಶಿಂಗ್, ನಲ್ಲಿ, ಮೊಸರು ಎಲ್ಲವನ್ನೂ ಹೇಳಿ, ಕ್ಷಮಿಸಿ ಅಂದೆ. ಹಂಸಿನಿ ತಲೆ ತಗ್ಗಿಸಿ ನಿಂತಿದ್ದಳು, ಅಮ್ಮನ ಮಾನ ಹೋಯಿತೆಂದು.

ನೀವು ಮೊದಲು ಹೇಳಿದ್ದು ಬಿಳಿಯ ವಿಷಯ. "ಬಿಳಿ ಕಂಡ್ರೆ ನಂಗೂ ಹೆದರಿಕೆ ಇತ್ತು. ಆ ಬೆಳಿಗ್ಗೆ ಆಕಾಶವೆಲ್ಲಾ ಬಿಳಿ." ಆಮೇಲೆ ಎರಡನೇ ಸಲ ಕೇಳಿದಿರಿ, ಏನು ಕಟ್ಟಿದ್ದರು, ಮೊಸರೇ? ಹೌದು ಎಂದೆ. ಆಗ ನೀವು ನಗಲು ಶುರು ಮಾಡಿದಿರಿ. ನಕ್ಕು ನಕ್ಕು ಕೆಮ್ಮು ಬಂದು, ಡೆಸ್ಪಿನಾ ಓಡಿಬಂದು, ಬೆನ್ನು ನೀವಿ, ನೀರು ಕುಡಿಸಿ, ಆದರೂ ನಗು ನಿಲ್ಲಲಿಲ್ಲ.

ನಿಮ್ಮ ತಾಯಿ ಅದನ್ನು ಬಚ್ಚಿಟ್ಟಿದ್ದು ಹಾಗೆಯೇ! ನಿಮ್ಮ ತಮ್ಮನನ್ನು ಸುತ್ತಿದ್ದ ಒಂದೆರಡು ದಿನ ಬಿಟ್ಟರೆ ನಾಲ್ಕು ವರ್ಷವೂ ಅದರಲ್ಲಿ ಆಡಿನ ಹಾಲಿನ ಚೀಸು ಕಟ್ಟಿ, ಅಡುಗೆಮನೆಯ ತೊಲೆಗೆ ನೇತುಹಾಕಿದ್ದರು. ಕೆಳಗೊಂದು ಪಾತ್ರೆ, ಅದಕ್ಕೆ ತೊಟ್ಟಿಕ್ಕುವ ನೀರು. ಸೈನಿಕರು ಮೂರು ಸಲ ಮನೆ ಜಾಲಾಡಿದರು. ಹಾಸಿಗೆ ಸೀಳಿದರು, ಹಿಟ್ಟಿನ ಡಬ್ಬ ಬೋರಲು ಹಾಕಿದರು, ನೆಲ ಅಗೆದರು. ಚೀಸಿನ ಗಂಟನ್ನು ಬಗ್ಗಿ ತಪ್ಪಿಸಿಕೊಂಡು ಓಡಾಡಿದರು, ತಲೆಗೆ ತಾಕಬಾರದು ಅಂತ. ಮೂರನೇ ಸಲ ಬಂದವರಲ್ಲಿ ಒಬ್ಬ ಹಸಿದವನಂತೆ ಅದನ್ನೇ ನೋಡುತ್ತಾ ನಿಂತನಂತೆ. ನಿಮ್ಮ ತಾಯಿ ಗಂಟು ಬಿಚ್ಚಿ, ಒಂದು ಹಿಡಿ ತೆಗೆದು ಎಲೆಯ ಮೇಲೆ ಹಾಕಿಕೊಟ್ಟರು.

"ಅವರ ಛತ್ರಿಯಲ್ಲೇ ಸೋಸಿದ್ದನ್ನ ಅವರಿಗೇ ತಿನ್ನಿಸಿದಳು ನಮ್ಮಮ್ಮ. ಅವನು ತಿಂದು ಥ್ಯಾಂಕ್ಯೂ ಅಂದ. ಅಮ್ಮ ಉಳಿದದ್ದನ್ನ ಮತ್ತೆ ಗಂಟು ಕಟ್ಟಿ ನೇತುಹಾಕಿದಳು ರಮಾ, ನಾನು ನೋಡಿದೀನಿ," ಎಂದಿರಿ. ಆಮೇಲೆ ವೀರಬಸಮ್ಮನವರ ಶ್ರೀಖಂಡ ಹೇಗಾಯಿತು ಅಂತ ಕೇಳಿದಿರಿ. ಸಂಜೆ ಅದನ್ನು ತರಿಸಿ ಎರಡು ಚಮಚ ತಿಂದಿರಿ. ಸಕ್ಕರೆ ಜಾಸ್ತಿ ಎಂದಿರಿ.

ಅದಾದ ಮೇಲೆ ಏಳು ವಾರ ಇದ್ದಿರಿ. ಬಟ್ಟೆಯನ್ನು ವಾಪಸು ಕೊಡಲು ಎರಡು ಸಲ ಬಂದೆ, ಎರಡು ಸಲವೂ ಗದರಿಸಿ ಕಳಿಸಿದಿರಿ. ಮೊನ್ನೆ ಚರ್ಚಿನಲ್ಲಿ ಡೆಸ್ಪಿನಾಗೆ ಕೊಡಲು ಹೋದರೆ ಅವಳೂ ಕೈ ಮುಂದೆ ಮಾಡಲಿಲ್ಲ. ಯಾಯಾ ಹೇಳಿಹೋಗಿದ್ದಾರೆ, ಅದು ಪೆಟ್ಟಿಗೆಯಲ್ಲಿ ಕೂರಬಾರದಂತೆ, ನಿಮ್ಮವರ ಪದ್ಧತಿಯ ಹಾಗೆ ಓಡಾಡಿಕೊಂಡಿರಬೇಕಂತೆ ಎಂದಳು. ನಮ್ಮ ಬ್ಲೌಸ್ ಪೀಸಿನ ಪದ್ಧತಿಯನ್ನು ಹೊಗಳಿದವರು ಈ ಭೂಮಿಯ ಮೇಲೆ ನೀವೊಬ್ಬರೇ.

ಆದರೆ ಅಮ್ಮ, ಕೊಡುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಸಾಗಹಾಕುವ ಈ ರಮಾಮಣಿ ನಿಮ್ಮ ರೇಷ್ಮೆಯನ್ನು ಇಷ್ಟು ದಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ದಿನಕ್ಕೊಂದು ಸಲ ತೆಗೆದು ಆ ದಪ್ಪ ಹೊಲಿಗೆಯನ್ನು ಸವರಿ ಮತ್ತೆ ಒಳಗಿಡುತ್ತಿದ್ದೆ. ನಿಮ್ಮ ಕೈ ಹಿಡಿದ ಹಾಗೆ ಅನ್ನಿಸುತ್ತಿತ್ತು. ವೀರಬಸಮ್ಮನವರ ಅಕ್ಷಯಾಗೆ ಈಗ ಏಳು ತಿಂಗಳು. ಭಾನುವಾರ ಫ್ಲಶಿಂಗ್‌ನಲ್ಲಿ ಸೀಮಂತ. ಹೋಗಲೋ ಬೇಡವೋ, ಕೊಡಲೋ ಬೇಡವೋ ಎಂದು ವಾರವೆಲ್ಲ ಒದ್ದಾಡಿದೆ. ಇವತ್ತು ಬೆಳಿಗ್ಗೆ ನಿಮ್ಮ ಡ್ರೈವ್‌ವೇ ಕಡೆ ನೋಡುತ್ತಾ ನಿಂತಿದ್ದಾಗ, ಬ್ರೇಕ್ ತುಳೀಬೇಡ ಎಂದು ನೀವು ಗಾಜು ಬಡಿದದ್ದು ನೆನಪಾಯಿತು. ಬೀರುವಿನ ಬೀಗ ತೆಗೆದೆ.

ಈ ಪತ್ರ ಕನ್ನಡದಲ್ಲಿರುವುದು ಅದಕ್ಕೇ. ಇದು ನಿಮ್ಮ ಹೆಸರಿಗೆ ಬರೆದದ್ದು, ಆದರೆ ಬಟ್ಟೆಯ ಮಡಿಕೆಯೊಳಗೆ ಕೂತು ಅದರ ಜೊತೆ ಹೋಗುತ್ತದೆ. ಹೋದ ಸಲ ಕಥೆಯಿಲ್ಲದೆ ಕಳಿಸಿದ್ದಕ್ಕೆ ಅಲ್ಲವೇ ಅದು ನಲ್ಲಿಗೆ ನೇತುಬಿದ್ದದ್ದು? ಈ ಸಲ ಯಾರ ಮನೆಗೆ ಹೋದರೂ ಅವರಿಗೆ ನಿಮ್ಮ ತಾಯಿಯೂ ಗೊತ್ತಿರಲಿ, ನೀವೂ ಗೊತ್ತಿರಲಿ. ಓದುತ್ತಿರುವ ತಾಯೀ, ಮೊದಲು ನಿನ್ನ ಮಗುವನ್ನು ಇದರ ಮೇಲೆ ಮಲಗಿಸು. ಆಮೇಲೆ ಬೇಕಿದ್ದರೆ ಮೊಸರು ಕಟ್ಟಿಕೋ, ಅರ್ಗಿರೋ ಅಮ್ಮ ಏನೂ ಅಂದುಕೊಳ್ಳುವುದಿಲ್ಲ. ಆಮೇಲೆ ಮುಂದಿನವರಿಗೆ ಕೊಡು.

ನವೆಂಬರಿನಲ್ಲಿ ಅಂಜೂರದ ಗಿಡಕ್ಕೆ ಗೋಣಿ ನಾನು ಸುತ್ತುತ್ತೇನೆ. ಗುರುರಾಜರು ಏಣಿ ಹಿಡಿಯುತ್ತಾರಂತೆ. ನಿಮ್ಮ ಹಾಗೆ ಬೈಯಲು ಬರುವುದಿಲ್ಲ, ಪ್ರಯತ್ನ ಮಾಡುತ್ತೇನೆ.

ನಮ್ಮಲ್ಲಿ ಹೊರಟವರಿಗೆ ಹೋಗಿ ಎಂದಷ್ಟೇ ಹೇಳುವುದಿಲ್ಲ. ಹೋಗಿ ಬನ್ನಿ ಅಮ್ಮ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಬೇಲಿಯ ಈಚೆಯ,
ರಮಾಮಣಿ